ಮದುವೆಗೆ ಮುಂಚಿನ ಸೂಜಿ

“ನಮ್ಮ ಹುಡಗೀಗೆ ಮೊದಲ ಹಾಕ್ರಿ ಬಾಯಾರ, ನಾಡದ್ದ ಅರಿಷಿಣ ಐತಿ.”

ಸಿರಿಂಜ್ ಹಿಡಿದಿದ್ದ ನರ್ಸ್ ಜಿನಮತಿಯ ಕೈ ಅಲ್ಲೇ ನಿಂತಿತು. ಎದುರಿಗೆ ರುಕ್ಮವ್ವ, ತಲೆತುಂಬ ಸೆರಗು ಹೊದ್ದು, ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸಿದವಳ ಠೀವಿಯಲ್ಲಿದ್ದಳು. ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗಳು ಸೀಮಾ, ನೆಲ ನೋಡುತ್ತ.

ಯಾರ ಅರಿಷಿಣ ಎಂದು ಜಿನಮತಿ ಕೇಳಿದಳು. ಈಕೆಯದೇ ಎಂದಳು ಮುದುಕಿ. ವರ ರಾಯಬಾಗದ ಕಡೆಯವನು, ಸೋದರಮಾವನೇ. ಮನೆ ತುಂಬ ಕಬ್ಬು, ದ್ರಾಕ್ಷಿ. “ಮದುವಿ ಮೊದಲ ಹಾಕಸ್ಬೇಕಂತ ನೀವ ಸಾಲ್ಯಾಗ ಹೇಳಿದ್ರಲ್ಲ?”

ಹೇಳಿದ್ದು ನಿಜ. ಹಿಂದಿನ ವಾರ ಇದೇ ಶಾಲೆಯಲ್ಲಿ ಹುಡುಗಿಯರನ್ನೂ ಮನೆಯ ಹೆಂಗಸರನ್ನೂ ಕೂರಿಸಿಕೊಂಡು, ಗರ್ಭಕೋಶದ ಬಾಯಿಗೆ ಬರುವ ಕ್ಯಾನ್ಸರ್, ಅದನ್ನು ತರುವ ವೈರಸ್, ಅದಕ್ಕಿರುವ ಲಸಿಕೆ ಎಲ್ಲ ವಿವರಿಸಿದ್ದಳು. ವೈರಸ್ ಹರಡುವುದು ಹೇಗೆ ಎನ್ನುವಲ್ಲಿ ಮಾತ್ರ ನಾಲಿಗೆ ಹೊರಳಲಿಲ್ಲ. ಹಾಸಿಗೆಯ ಮಾತನ್ನು ಹಿರಿಯರ ಮುಂದೆ ಆಡುವುದುಂಟೇ? ನಮ್ಮ ಕಡೆ ಎಲ್ಲರೂ ಮಾಡುವಂತೆ ಅದಕ್ಕೆ ಮದುವೆಯ ಹೆಸರು ಹೊದಿಸಿ, ಮದುವೆಗಿಂತ ಮೊದಲು ಹಾಕಿಸಿ ಎಂದು ಪಾರಾಗಿದ್ದಳು. ರುಕ್ಮವ್ವ ಅದನ್ನು ಮದುವೆಯ ಶಾಸ್ತ್ರಗಳಲ್ಲೊಂದು ಎಂದು ಹಿಡಿದಿದ್ದಳು.

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ಪೆಟ್ಟು ಜಿನಮತಿ ತಿಂದಿರಲಿಲ್ಲ. ಲಸಿಕೆಯಂತೂ ಹುಡುಗಿಗೆ ಬೇಕಾದದ್ದೇ. ಹಾಕಿ, ಅರ್ಧ ತಾಸು ಕೂರಬೇಕೆಂದು ಬೆಂಚು ತೋರಿಸಿದಳು. ಅಜ್ಜಿ ನೀರು ಕುಡಿಯಲು ಹೋದದ್ದೇ ತಡ, ಸೀಮಾ ಹತ್ತಿರ ಸರಿದಳು.

“ಬಾಯಾರ, ಈ ಸೂಜಿ ಹಾಕಿದ ಮ್ಯಾಗ ನಾಕ ವರ್ಷ ಲಗ್ನ ಮಾಡಬಾರದಂತ ಹೇಳ್ರಿ. ನೀವ ಹೇಳಿದ್ರ ನಮ್ಮ ಆಯಿ ಕೇಳ್ತಾಳ.”

ಕೇಳುತ್ತಾಳೆ, ಅದರಲ್ಲಿ ಅನುಮಾನವೇ ಇಲ್ಲ. ಒಂದೇ ಸುಳ್ಳು, ಮದುವೆ ನಿಲ್ಲುತ್ತದೆ. ಆದರೆ ಸಂಜೆಯೊಳಗೆ ಆ ಸುಳ್ಳು ಊರು ಸುತ್ತಿ, ಸೂಜಿ ಹಾಕಿಸಿಕೊಂಡವಳಿಗೆ ಲಗ್ನವೂ ಇಲ್ಲ, ಮಕ್ಕಳೂ ಇಲ್ಲ ಎಂದಾಗುತ್ತದೆ; ಆಮೇಲೆ ಒಬ್ಬ ತಾಯಿಯೂ ಮಗಳನ್ನು ಕರೆತರುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ರುಕ್ಮವ್ವ ಬಾಯಿ ಒರೆಸಿಕೊಳ್ಳುತ್ತ ಬಂದಳು. ಜಿನಮತಿ ಈ ಸಲ ಏನನ್ನೂ ಮುಚ್ಚಲಿಲ್ಲ. ವೈರಸ್ ಗಂಡಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಹೇಗೆ ದಾಟುತ್ತದೆಂದು ಸರದಿಯಲ್ಲಿದ್ದವರಿಗೆಲ್ಲ ಕೇಳುವಂತೆ ಬಿಡಿಸಿ ಹೇಳಿದಳು. ಈ ಸೂಜಿ ರೋಗಕ್ಕೆ, ಲಗ್ನಕ್ಕಲ್ಲ ಎಂದಳು. ನಾಚಿಕೆಗೆ ಅವಳ ಕಿವಿ ಬಿಸಿಯಾಗಿದ್ದವು.

“ಹದಿನೆಂಟ ತುಂಬೂತನಕ ಈಕಿ ಲಗ್ನ ಆಗಂಗಿಲ್ಲ, ಆಯಿ. ಮಕ್ಕಳ ಸಹಾಯವಾಣಿಗೆ ನಾನ ಫೋನ್ ಮಾಡಾಕತ್ತೇನಿ.”

ಮುದುಕಿಯ ಮುಖ ಬಿಳಿಚಿತು. “ನಿಮ್ಮ ಮಾತ ನಂಬಿ ಕರಕೊಂಡ ಬಂದಿದ್ನಿ,” ಎಂದಳು, ಅಷ್ಟೇ.

ಸರದಿಯಲ್ಲಿದ್ದ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳ ಕೈ ಹಿಡಿದು ಹೊರಗೆ ನಡೆದರು. ಜಿನಮತಿ ಫೋನು ಕಿವಿಗಿಟ್ಟುಕೊಂಡು ಸಹಾಯವಾಣಿಗೆ ಊರಿನ ಹೆಸರು ಹೇಳತೊಡಗಿದಳು. ರುಕ್ಮವ್ವ ಮೊಮ್ಮಗಳ ರಟ್ಟೆ ಹಿಡಿದು ಎಳೆದಳು. ಸೀಮಾ ಬೆಂಚಿನ ಕಾಲಿಗೆ ತನ್ನ ಕಾಲು ತೊಡರಿಸಿಕೊಂಡು ಕೂತೇ ಇದ್ದಳು.