ಯಾರಿಗೆ ಕೊಟ್ಟ ಉತ್ತರ

ಕೆಳಗಿನಿಂದ ಜಗದಾಂಬಾ ಕೋಲು ತೆಗೆದುಕೊಂಡು ಅಟ್ಟದ ಹಲಗೆಗೆ ಎರಡು ಸಲ ಕುಟ್ಟಿದರು. ಊಟಕ್ಕೆ ಬಾ ಎಂದರ್ಥ. ಮೇಲಿದ್ದ ಸೊಸೆ ಸಮತಾ ಎಂದಿನಂತೆ ಹಿಮ್ಮಡಿಯಿಂದ ನೆಲ ಬಡಿದು, ಬಂದೆ ಎಂದು ತಿಳಿಸಿದಳು. ಮರುಕ್ಷಣವೇ ಗಾಜಿನ ಪೆಟ್ಟಿಗೆಯೊಳಗಿನ ಹೆಣ್ಣು ಜೇಡ ಮುಂಗಾಲುಗಳಿಂದ ಮಣ್ಣನ್ನು ದಡದಡ ತಟ್ಟಿತು. ಮಣ್ಣಿನ ಕಂಪನ ತೋರಿಸುವ ಲ್ಯಾಪ್‌ಟಾಪಿನಲ್ಲಿ ಗೆರೆ ಎದ್ದು ಕುಣಿಯಿತು. ಸಮತಾ ಪೆಟ್ಟಿಗೆಯತ್ತ ಬಗ್ಗಿದಳು. ನಡುವಿನ ಜಾಲರಿಯಾಚೆ ಗಂಡು ಜೇಡ ಅಲ್ಲಾಡದೆ ಕೂತಿತ್ತು. ಹಾಗಾದರೆ ಇವಳು ಉತ್ತರ ಕೊಟ್ಟಿದ್ದು ಯಾರಿಗೆ?

ಅಂಗೈ ತುಂಬುವಷ್ಟು ದೊಡ್ಡದಾದ ಈ ಆಫ್ರಿಕಾದ ಬಬೂನ್ ಜೇಡಗಳು ನೆಲ ನಡುಗಿಸಿ ಮಾತಾಡುತ್ತವೆ. ಗಂಡು ತಟ್ಟಿದರೆ, ಮನಸ್ಸಿದ್ದ ಹೆಣ್ಣು ತಿರುಗಿ ತಟ್ಟುತ್ತದೆ. ಸಮತಾಳ ಪಿಎಚ್‌ಡಿ ನಿಂತಿದ್ದೇ ಇದರ ಮೇಲೆ. ಶಿವಮೊಗ್ಗದ ಲ್ಯಾಬು ಸೋರತೊಡಗಿದ ಮೇಲೆ, ಗೈಡ್ ಒಪ್ಪಿಗೆಯಿಂದ ಪೆಟ್ಟಿಗೆಗಳು ಭದ್ರಾವತಿಯ ಜನ್ನಾಪುರದ ಈ ಮನೆಯ ಅಟ್ಟ ಸೇರಿದ್ದವು. ಇದ್ದದ್ದು ಒಂದೇ ಗಂಡು, ಅದಕ್ಕೂ ವಯಸ್ಸಾಗಿತ್ತು. ಹೆಣ್ಣಿಗೆ ಮನಸ್ಸಿಲ್ಲದಾಗ ಜಾಲರಿ ಎತ್ತಿದರೆ ಗಂಡು ಅವಳ ಬಾಯಿಗೆ ತುತ್ತು. ಎತ್ತಬೇಕಾಗಿದ್ದುದು ಇವತ್ತೇ.

ಅತ್ತೆ ಸೊಸೆಯರ ಮಾತು ನಿಂತು ವರ್ಷ ಕಳೆದಿತ್ತು. ಯಾವ ಕಾರಣಕ್ಕೆಂದು ಮಗ ಮುರಳಿ ಇಬ್ಬರನ್ನೂ ಕೇಳಿ ಸೋತಿದ್ದ. ಅವರಿಗೇ ನೆನಪಿದ್ದರೆ ತಾನೆ! ಕೋಲು, ಹಿಮ್ಮಡಿಗಳಲ್ಲೇ ಸಂಸಾರ ಸಾಗಿತ್ತು. ಈಗ ನೋಡಿದರೆ ನಡುವೆ ಮೂರನೆಯವಳೂ ಬಾಯಿ ಹಾಕಿದ್ದಾಳೆ.

ಬೇರೆ ದಾರಿಯಿಲ್ಲದೆ ಸಮತಾ ಏಣಿ ಇಳಿದಳು.

“ಅತ್ತೆ, ಇವತ್ತೊಂದಿನ ಕೋಲು ಕುಟ್ಬೇಡಿ. ಜೇಡಕ್ಕೆ ಗೊಂದಲ ಆಗ್ತಿದೆ.”

ಜಗದಾಂಬಾ ಸೌಟು ಹಿಡಿದೇ ನಿಂತರು. “ಕುಟ್ಟದೇ ಇದ್ರೆ ಊಟಕ್ಕೆ ಹೆಂಗೆ ಕರೀಲಿ ನಿನ್ನ?”

ಹೆಸರು ಹಿಡಿದು ಕರೀರಿ ಎನ್ನಬೇಕೆನಿಸಿತು. ಏಣಿ ಹತ್ತಿ ಮೇಲೆ ಹೋದಳು.

ಗಂಡು ತಟ್ಟಿತು. ಬಹಳ ಹೊತ್ತಿನ ಮೇಲೆ ಹೆಣ್ಣೂ ತಟ್ಟಿತು. ಇದು ಗಂಡಿಗೋ, ರಸ್ತೆಯಲ್ಲಿ ಹೋದ ಬಸ್ಸಿಗೋ? ಬಸ್ಸು ಹೋಯಿತೇ? ಸಮತಾಳಿಗೆ ತನ್ನ ಕಿವಿಯ ಮೇಲೂ ನಂಬಿಕೆ ಉಳಿದಿರಲಿಲ್ಲ. ದೇವರ ಮೇಲೆ ಭಾರ ಹಾಕಿ ಜಾಲರಿ ಎತ್ತಿದಳು.

ಹೆಣ್ಣು ಮುಂಗಾಲೆತ್ತಿ ನಿಂತು ಹಲ್ಲು ತೆರೆಯಿತು. ಗಂಡು ಓಡುವ ಬದಲು ನೇರ ಅದರ ಅಡಿಗೇ ನುಗ್ಗಿ, ಆ ಹಲ್ಲುಗಳನ್ನೇ ಹಿಡಿಯಿತು. ಕೂಡುವಾಗಲೂ ಗಂಡು ಹಿಡಿಯುವುದು ಹೀಗೇ, ಕಚ್ಚಿಸಿಕೊಳ್ಳದಿರಲೂ ಹೀಗೇ. ಯಾವುದರ ಕಾಲು ಯಾವುದೆಂದು ತಿಳಿಯದಂತೆ ಎರಡೂ ಸಿಕ್ಕುಬಿದ್ದವು.

“ಜಗಳ ಆಡ್ತಿದಾವೇನೇ?”

ಬೆನ್ನ ಹಿಂದೆ ಜಗದಾಂಬಾ. ಮಂಡಿನೋವಿನವರು ಏಣಿ ಹತ್ತಿ ಬಂದಿದ್ದರು.

“ಗೊತ್ತಾಗ್ತಿಲ್ಲ ಅತ್ತೆ. ನಂಗೇನೂ ಗೊತ್ತಾಗ್ತಿಲ್ಲ,” ಎಂದವಳಿಗೆ ಅಳು ಒತ್ತರಿಸಿ ಬಂತು.

“ಬಿಡಿಸೋಕೆ ಹೋಗ್ಬೇಡ ಮಾರಾಯ್ತಿ. ಸುಮ್ನಿರು ಸ್ವಲ್ಪ,” ಎಂದು ಜಗದಾಂಬಾ ಉಸ್ಸೆಂದು ಪಕ್ಕದಲ್ಲೇ ಕೂತರು.

ಸಿಕ್ಕು ಸಡಿಲವಾಯಿತು. ಗಂಡು ಹಿಂದೆ ಹಿಂದೆ ಸರಿದು ಮೂಲೆ ಸೇರಿತು. ಜಗದಾಂಬಾ ಕನ್ನಡಕ ಏರಿಸಿ, ಬೆರಳು ಮಡಚುತ್ತ ಅದರ ಕಾಲು ಎಣಿಸಿದರು.

“ಎಂಟು ಕಾಲಿದಾವೆ. ಎಂಟೇ ತಾನೆ ಇರ್ಬೇಕಾದ್ದು?”

“ಹೂಂ ಅತ್ತೆ.”

ಅವರು ಏಳಲಿಲ್ಲ. ಇಬ್ಬರ ಉಸಿರಿಗೆ ಮಬ್ಬಾದ ಗಾಜನ್ನು ಸೆರಗಿನಿಂದ ಒರೆಸಿ, ಮತ್ತೆ ಬಗ್ಗಿ ನೋಡತೊಡಗಿದರು.