ಕುರಿಗಳ ಡ್ರಮ್ಮು

ನನ್ನ ಗಂಡ ರಂಗರಾಜು ತೀರಿಕೊಂಡ ಮೂರನೇ ದಿನದ ಹಾಲುತುಪ್ಪ ಮುಗಿಸಿ ನೆಂಟರೆಲ್ಲ ಹೋದ ಮರುದಿನ. ಅತ್ತೆ ಪುಟ್ಟಗಂಗಮ್ಮ ಎಂದಿನಂತೆ ಬಾಗಿಲಿಗೆ ನೀರು ಹಾಕಿದರು. ನಾನು ಡೈರಿಗೆ ಹಾಲು ಹಾಕಿ ಬಂದೆ. ತೋಟದ ಕಡೆಯಿಂದ ಕುರಿಗಳ ಸದ್ದು ಕೇಳಿತು.

ರಂಗರಾಜು ಇದ್ದಾಗಲೇ ಆಗಿದ್ದ ಮಾತು ಅದು. ಯೂರಿಯ ಸುರಿದೂ ಸುರಿದೂ ನಮ್ಮ ತೋಟದ ಮಣ್ಣು ಗಟ್ಟಿಯಾಗಿತ್ತು. ತೆಂಗಿನ ಗರಿ ಕಡುಹಸಿರು; ಎಳೆಗಾಯಿಯ ಹರಳುಗಳು ಮಾತ್ರ ಮರದಲ್ಲಿ ನಿಲ್ಲದೆ ಉದುರುತ್ತಿದ್ದವು. "ಇದೊಂದು ಸಲ ಹಾಕ್ಬುಡ್ತೀನಿ ಕಣೇ. ಆಮೇಲೆ ಚಿತ್ತಣ್ಣನ ಮಂದೆ ನಿಲ್ಲಿಸಿ ಕುರಿಗೊಬ್ಬರಾನೇ ಬೀಳಿಸಾನ" ಎಂದಿದ್ದರು. ನಮ್ಮ ಡ್ರಮ್ಮು ಸೀಳಿಹೋಗಿತ್ತು. ಡ್ರಿಪ್ಪಿಗೆ ಬಿಡುವ ಯೂರಿಯ ಕರಗಿಸಲು ಚಿತ್ತಣ್ಣನದನ್ನೇ ಇಸಿದುಕೊಂಡು ಬಂದಿದ್ದರು. ಉದ್ದಕ್ಕೆ ಕೊಯ್ದ ನೀಲಿ ಡ್ರಮ್ಮು. ಅವನು ಕುರಿಗಳಿಗೆ ನೀರು ತುಂಬಿಡುವಂಥದು. ಯೂರಿಯ ಕರಗಿಸಿಟ್ಟು, ಫಿಲ್ಟರ್ ತರಲು ಬೈಕಿನಲ್ಲಿ ತಿಪಟೂರಿಗೆ ಹೊರಟರು. ಹೊನ್ನವಳ್ಳಿ ದಾಟಿದ ಮೇಲೆ ಲಾರಿ.

ಡ್ರಮ್ಮು ತೋಟದಲ್ಲೇ ಉಳಿದಿತ್ತು. ಕುರಿಗಳ ಸದ್ದು ಕೇಳುವವರೆಗೆ ಯಾರಿಗೂ ನೆನಪಾಗಿರಲಿಲ್ಲ.

ನಾನು ಕೆಮಿಸ್ಟ್ರಿ ಓದಿದವಳು. ಯೂರಿಯ ಕರಗಿದ ನೀರು ತಿಳಿಯಾಗಿಯೇ ಕಾಣುತ್ತದೆ. ಕುರಿಯ ಹೊಟ್ಟೆಯಲ್ಲಿ ಅದು ಅಮೋನಿಯ ಆಗುತ್ತದೆ. ಹೊಟ್ಟೆ ಉಬ್ಬಿ, ಮೈ ನಡುಗಿ, ಅವು ಬಿದ್ದುಹೋಗುತ್ತವೆ.

ಓಡಿದೆ. ಕುರಿಗಳೂ ಓಡುತ್ತಿದ್ದವು. ಅವಕ್ಕೆ ತಮ್ಮ ಡ್ರಮ್ಮಿನ ಗುರುತು ಹತ್ತಿತ್ತು.

"ಚಿತ್ತಣ್ಣ, ತಡೀರಿ! ಅದು ನೀರಲ್ಲ!"

"ಯಾಕವ್ವ, ನಂದೇ ಡ್ರಮ್ಮಲ್ವಾ?"

ಭುಜ ಕೊಟ್ಟು ಉರುಳಿಸಿದೆ. ಅಷ್ಟರಲ್ಲಿ ಕರಿಮೂತಿಯ ಕುರಿಯೊಂದು ಬಾಯಿ ಹಾಕಿಯಾಗಿತ್ತು. ಚೆಲ್ಲಿದ್ದನ್ನು ನೆಕ್ಕಲು ಬಂದ ಉಳಿದವನ್ನು ಚಿತ್ತಣ್ಣ ಕೋಲು ಬೀಸಿ ಅಟ್ಟಿದ.

"ಎಷ್ಟು ಕುಡೀತು?"

"ಕಾಣ್ಲಿಲ್ಲ ಕಣವ್ವ."

ದನದ ಡಾಕ್ಟರಿಗೆ ಫೋನು ಮಾಡಿದೆ. ವಿನಿಗರ್ ಇದ್ದರೆ ತಣ್ಣೀರಿಗೆ ಬೆರೆಸಿ ಕುಡಿಸಿ, ಬರುತ್ತೇನೆ ಎಂದರು. ಗೋಬಿ ಮಂಚೂರಿ ಮಾಡು ಎಂದು ರಂಗರಾಜು ತಂದಿಟ್ಟ ಬಾಟಲಿ ಅಡುಗೆಮನೆಯಲ್ಲಿತ್ತು. ಅತ್ತೆ ಅದನ್ನು ಹಿಡಿದು ಓಡಿಬಂದರು.

ಕುಡಿಸಿದೆವು. ಚಿತ್ತಣ್ಣ ಕುರಿಯ ಕೊರಳು ತಬ್ಬಿಕೊಂಡು ಕೂತ. "ಇದೇನಾದ್ರೂ ಹೋದ್ರೆ ರಂಗರಾಜನ್ನ ಬಯ್ಯಾನ ಅಂದ್ರೆ ಅವನೂ ಇಲ್ವಲ್ಲವ್ವ."

ಅದರ ಎಡಪಕ್ಕೆಯ ಮೇಲೆ ಕೈ ಇಟ್ಟುಕೊಂಡೆ. ಉಬ್ಬುತ್ತಿದೆ ಅನ್ನಿಸಿತು. ಇಲ್ಲ ಅನ್ನಿಸಿತು. ನಡುಕ ಬಂತೇ ಎಂದು ಕಾಲುಗಳನ್ನೂ ಮುಟ್ಟಿ ನೋಡಿದೆ. ಅವರು ಕಡೆಯದಾಗಿ ಮಾಡಿಟ್ಟ ಕೆಲಸ ಇನ್ನೊಂದು ಸಾವಾಗಬಾರದು. ಅಷ್ಟೇ ಬೇಕಿತ್ತು ನನಗೆ.

ಡಾಕ್ಟರು ಬಂದು ನೋಡಿ, ಕಾಯೋಣ ಎಂದರು. ಬಿಸಿಲು ಏರಿತು. ಕುರಿಯ ದವಡೆ ಮೆಲ್ಲಗೆ ಅಲ್ಲಾಡಿತು.

"ಮೆಲುಕು ಹಾಕ್ತೈತೆ!" ಎಂದ ಚಿತ್ತಣ್ಣ. "ಮುಂಡೇದುಕ್ಕೆ ಗೋಬಿ ರುಚಿ ಹತ್ತೈತೆ."

ಅತ್ತೆ ನಕ್ಕರು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡರು.

ಡ್ರಮ್ಮನ್ನು ಬೋರಿನ ಹತ್ತಿರ ಎಳೆದೊಯ್ದು ತೊಳೆದೆ. ಮತ್ತೆ ತೊಳೆದೆ. ಭಯ ಹೋಗಲಿಲ್ಲ. ಇನ್ನೊಮ್ಮೆ ಉಜ್ಜಿ, ಹೊಸ ನೀರು ಬಿಟ್ಟು, ಬೊಗಸೆಯಲ್ಲಿ ಎತ್ತಿ ಕುಡಿದೆ.

"ಅಯ್ಯೋ, ಬುಡವ್ವ," ಎಂದ ಚಿತ್ತಣ್ಣ.

ನೀರು ಚೆಲ್ಲಿ ಡ್ರಮ್ಮನ್ನು ಅವನತ್ತ ತಳ್ಳಿದೆ.

"ತಗೊಳ್ಳಿ. ಅವರು ಇಸ್ಕೊಂಡ್ ಬಂದಿದ್ದು."