ಮಾದರಿ ಬೋಗಿಯಲ್ಲಿ ನಿಂತವರು

ಚಿಕ್ಕಮಗಳೂರಿನಿಂದ ಕಡೂರಿಗೆ ದಿನಾ ಓಡಾಡುವವರಿಗಾಗಿ ಕರೆಂಟಿನ ಹೊಸ ರೈಲು ಬರುವುದೆಂದು ತೀರ್ಮಾನವಾಗಿತ್ತು. ಯಾವ ರೈಲು ಎಂಬುದು ಮಾತ್ರ ಆಗಿರಲಿಲ್ಲ. ಒಂದು, ಮುಂದೆ ಎಂಜಿನ್ ಕಟ್ಟಿ ಎಳೆಯುವಂಥದ್ದು. ಅದರ ಬೋಗಿಯಲ್ಲಿ ನೂರು ಸೀಟು. ಇನ್ನೊಂದಕ್ಕೆ ಬೇರೆ ಎಂಜಿನ್ನೇ ಇಲ್ಲ, ಬೋಗಿಗಳ ಅಡಿಯಲ್ಲೇ ಮೋಟಾರು. ಒಳಗೆ ಗೋಡೆಗೆ ಒತ್ತಿ ಹದಿನಾರು ಸೀಟು, ಮಿಕ್ಕ ಜಾಗದಲ್ಲೆಲ್ಲ ಹಿಡಿದು ನಿಲ್ಲುವ ಕಂಬಗಳು. ಆರಿಸುವ ಕೆಲಸ ಹಿಡಿದಿದ್ದ ಕಂಪನಿಯವರು ಎರಡರದೂ ಒಂದೊಂದು ಮಾದರಿ ಬೋಗಿ ತರಿಸಿ, ನಿಜವಾದ ಜನರನ್ನು ಹತ್ತಿಸಿಯೇ ನೋಡುತ್ತೇವೆ ಎಂದರು.

ನಿಜವಾದ ಜನರನ್ನು ಒದಗಿಸುವ ಹೊಣೆ ಪ್ರಯಾಣಿಕರ ಸಮಿತಿಯ ಮೆಂಬರು ಮಲ್ಲಿಕಾರ್ಜುನಪ್ಪನವರ ಪಾಲಿಗೆ ಬಂತು. ಬಣಕಲ್ ಹತ್ತಿರ ಅವರ ಕಾಫಿ ಎಸ್ಟೇಟು. ಮೇಸ್ತ್ರಿ ಯೋಗೇಶನನ್ನು ಕರೆದು, "ಇಪ್ಪತ್ತು ಆಳು, ಎರಡು ಜೀಪು, ಬುಧವಾರ. ಒಳ್ಳೆ ಬಟ್ಟೆ ಹಾಕ್ಕಂಡ್ ಬರಕ್ಕೆ ಹೇಳು," ಎಂದರು.

ಯೋಗೇಶ ಹತ್ತೊಂಬತ್ತು ಆಳು ಆರಿಸಿ, ಇಪ್ಪತ್ತನೆಯವಳಾಗಿ ಮಗಳು ಮೋನಿಕಾಳನ್ನು ಸೇರಿಸಿದ.

ಆ ರೈಲು ಬೇಕಾಗಿದ್ದುದೇ ಅವಳಿಗೆ. ಮೂರು ವರ್ಷದ ಹಿಂದೆ ಅಮ್ಮನಿಗೆ ಊಟ ಕೊಡಲು ತೋಟದೊಳಗೆ ಹೋದವಳ ಮೇಲೆ ಸಿಲ್ವರ್ ಮರದ ಕೊಂಬೆ ಬಿದ್ದು, ತೊಡೆಗೆ ರಾಡು ಹಾಕಿದ್ದರು. ಹತ್ತು ನಿಮಿಷ ನಿಂತರೆ ಕಾಲು ನಡುಗುತ್ತಿತ್ತು, ಅರ್ಧ ಗಂಟೆಯಾದರೆ ಊದುತ್ತಿತ್ತು. ಆ ಕಾಲಿನಲ್ಲೇ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿದ್ದಳು. ಕಡೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದು, ರೈಲು ಬಂದ ಮೇಲೆ ಬೆಳಗಿನ ಪಾಳಿಗೆ ತೆಗೆದುಕೊಳ್ಳಲು ಒಪ್ಪಿತ್ತು. ಕೂತು ಮಾಡುವ ಕೆಲಸ. ಇರಲು ಚಿಕ್ಕಮಗಳೂರಿನಲ್ಲಿ ಸೋದರತ್ತೆಯ ಮನೆಯಿತ್ತು. ಅಲ್ಲಿಂದ ಆ ಹೊತ್ತಿಗೆ ಸರಿಯಾಗಿ ಹೊರಡುವುದು ಬರಲಿರುವ ರೈಲು ಒಂದೇ. ಒಂದು ಗಂಟೆಯ ದಾರಿ.

"ಅಪ್ಪ, ನೂರು ಸೀಟಿಂದೇ ಬರ್ಲಿ ಅಂತ ಹೇಳು," ಎಂದಳು ಜೀಪಿನಲ್ಲಿ.

"ನಾವು ಬಾಯಲ್ಲಿ ಹೇಳದಲ್ವಂತೆ ಮಗಾ. ಹತ್ತದು, ಇಳಿಯದು, ಅಷ್ಟೇ. ಅವ್ರೇ ನೋಡ್ಕಂತಾರಂತೆ."

ಚಿಕ್ಕಮಗಳೂರು ಸ್ಟೇಷನ್ನಿನಲ್ಲಿ ಕಂಪನಿಯ ಎಂಜಿನಿಯರ್ ಶಾಲಿನಿ ಕೈಯಲ್ಲಿ ಟ್ಯಾಬ್ ಹಿಡಿದು ಕಾಯುತ್ತಿದ್ದಳು. "ಬೋಗಿ ಒಳಗೆ ಮೇಲೆ ಕ್ಯಾಮೆರಾ ಇದೆ. ಚಿತ್ರ ಮಾತ್ರ ನನಗೆ ಇಲ್ಲಿ ಕಾಣುತ್ತೆ, ಮಾತು ಕೇಳಿಸೋದಿಲ್ಲ. ಹೋಗ್ತಾ ಎಂಜಿನ್ ರೈಲಿನ ಬೋಗಿ, ಬರ್ತಾ ಮೋಟಾರು ಬೋಗಿ. ನಿಮಗೆ ಹೇಗೆ ಇಷ್ಟಾನೋ ಹಾಗೆ ಕೂರಿ, ನಿಲ್ಲಿ. ನಾವೇನೂ ಹೇಳೋದಿಲ್ಲ," ಎಂದಳು.

ಮಲ್ಲಿಕಾರ್ಜುನಪ್ಪನವರು ಮೊದಲು ಹತ್ತಿ ಕಿಟಕಿ ಪಕ್ಕ ಕೂತರು. ಹಿಂದೆ ಹತ್ತಿದ ಆಳುಗಳು ನಡುವಿನ ಓಣಿಯಲ್ಲಿ ಸಾಲಾಗಿ ನಿಂತರು. ವಯಸ್ಸಾದ ಭೂತಯ್ಯ ಬಾಗಿಲ ಬಳಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ.

"ಕೂತ್ಕಳ್ರೋ," ಎಂದರು ಮಲ್ಲಿಕಾರ್ಜುನಪ್ಪ.

"ಇರ್ಲಿ ಅಯ್ಯ," ಎಂದರು ಎಲ್ಲರೂ.

ಎಸ್ಟೇಟಿನಲ್ಲಿ ಇದು ಇರುವುದೇ ಹೀಗೆ. ಅಯ್ಯ ಕೂತಲ್ಲಿ ಆಳು ಕೂರುವುದಿಲ್ಲ. ಕೂರು ಎನ್ನುವುದು ಅವರ ದೊಡ್ಡತನ, ಇರಲಿ ಎನ್ನುವುದು ಇವರ ಮರ್ಯಾದೆ. ಹೇಳಿದರೆಂದು ಕೂತುಬಿಟ್ಟವನನ್ನು ಆಳುಗಳ ಲೈನಿನ ಮನೆಗಳಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಮೋನಿಕಾ ಕೂತಳು.

"ಓಹೋ! ಮೇಸ್ತ್ರಿ ಮಗಳೂ ಮೆಂಬರಾದ್ಲು ಕಣ್ರೋ," ಎಂದ ಭೂತಯ್ಯ. ಓಣಿಯುದ್ದಕ್ಕೂ ನಗು ಹರಿಯಿತು. ಮಲ್ಲಿಕಾರ್ಜುನಪ್ಪನವರು ತಿರುಗಿ ನೋಡಿದರು.

"ಏಳು ಮಗಾ," ಎಂದ ಯೋಗೇಶ.

"ಕಾಲು, ಅಪ್ಪ."

"ಅಯ್ಯ ಕೂತಿದಾರೆ. ಏಳು ಅಂದ್ನಲ್ಲ!"

ಎದ್ದಳು. ಕಡೂರಿನವರೆಗೂ ಆ ಬೋಗಿಯಲ್ಲಿ ತೊಂಬತ್ತೊಂಬತ್ತು ಸೀಟು ಖಾಲಿಯಿದ್ದವು. ಓಣಿ ಇಕ್ಕಟ್ಟಾಗಿ, ಇಳಿಯುವಾಗ ಒಬ್ಬರ ಮೇಲೊಬ್ಬರು ಬಿದ್ದು, ಬಾಗಿಲು ದಾಟಲು ನಾಲ್ಕು ನಿಮಿಷ ಹಿಡಿಯಿತು. ವಾಪಸು ಮೋಟಾರು ಬೋಗಿ. ಅಲ್ಲೂ ಕೂತವರು ಅಯ್ಯ ಒಬ್ಬರೇ, ಮಿಕ್ಕವರಿಗೆ ನಿಲ್ಲಲು ಧಾರಾಳ ಜಾಗ. ಮೋನಿಕಾ ಒಂದು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿ, ಕೆನ್ನೆ ಒತ್ತಿ ಕಣ್ಣು ಮುಚ್ಚಿಕೊಂಡಿದ್ದಳು. ಯೋಗೇಶ ಒಮ್ಮೆ ನೋಡಿ, ಆಮೇಲೆ ಕಿಟಕಿಯಾಚೆ ನೋಡುತ್ತ ಬಂದ. ಚಿಕ್ಕಮಗಳೂರಿನಲ್ಲಿ ಎಲ್ಲರೂ ಅರ್ಧ ನಿಮಿಷದಲ್ಲಿ ಇಳಿದರು. ಮೋನಿಕಾಳನ್ನು ಇಬ್ಬರು ಹೆಂಗಸರು ಹಿಡಿದು ಇಳಿಸಿದರು.

ಶಾಲಿನಿ ಟ್ಯಾಬ್ ನೋಡಿ ಹುಬ್ಬೇರಿಸಿದಳು. "ನೂರು ಸೀಟಿದ್ರೂ ಇವರಲ್ಲಿ ಒಬ್ಬರೂ ಕೂರಲಿಲ್ಲ. ಯಾಕೆ?"

"ತೋಟದ ಜನ ಅಲ್ವಾ. ನಿಂತೇ ಅಭ್ಯಾಸ," ಎಂದರು ಮಲ್ಲಿಕಾರ್ಜುನಪ್ಪ.

ಅವಳಿಗೆ ಅಷ್ಟು ಸಾಕಾಗಲಿಲ್ಲ. ಯೋಗೇಶನ ಹತ್ತಿರ ಬಂದಳು. "ನೀವು ಹೇಳಿ ಸರ್. ನಿಮ್ಮ ಮಾತಿನ ಮೇಲೇ ರೈಲು ಆರಿಸೋದು."

ಅವನನ್ನು ಸರ್ ಎಂದು ಯಾರೂ ಕರೆದಿರಲಿಲ್ಲ. ಮೂರು ಹೆಜ್ಜೆಯಾಚೆ ಮಲ್ಲಿಕಾರ್ಜುನಪ್ಪನವರು ಕನ್ನಡಕ ಒರೆಸುತ್ತಿದ್ದರು. ಅಯ್ಯ ಕೂತಿದ್ದರಲ್ಲ, ಅದಕ್ಕೇ ನಾವು ಕೂರಲಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವನು ಇದ್ದ ಮನೆ ಅವರದು. ಮೇಸ್ತ್ರಿಕೆ ಅವರು ಕೊಟ್ಟದ್ದು.

"ನಮಗೆ ನಿಂತೇ ಆರಾಮ ಮೇಡಂ," ಎಂದ.

"ಕೂತ್ರೆ ನಿದ್ದೆ ಬಂದ್ಬಿಡ್ತದೆ," ಎಂದು ಭೂತಯ್ಯ ಸೇರಿಸಿದ. ಶಾಲಿನಿಯೂ ನಕ್ಕು ಬರೆದುಕೊಂಡಳು.

"ನಂಗೆ ಕೂರಕ್ಕೆ ಬೇಕಿತ್ತು," ಎಂದಳು ಹಿಂದಿನಿಂದ ಮೋನಿಕಾ.

"ಹಾಗಿದ್ರೆ ಯಾಕೆ ಕೂರಲಿಲ್ಲಮ್ಮ? ಮೊದಲು ಕೂತು ಎದ್ದುಬಿಟ್ಟೆಯಲ್ಲ. ಸೀಟು ಸರಿಯಿರ್ಲಿಲ್ವಾ?"

ಮೋನಿಕಾ ಅಪ್ಪನನ್ನು ನೋಡಿದಳು. ಅವನು ಜೀಪಿನ ಕಡೆ ನೋಡಿದ. ಕಡೆಗೆ ಮಲ್ಲಿಕಾರ್ಜುನಪ್ಪನವರೇ, "ಹುಡುಗಿ ಮಾತು ಬಿಡಿ, ಟೈಮಾಯ್ತು," ಎಂದರು. ಶಾಲಿನಿ, 'ಒಬ್ಬರು ಕೂತು, ಅನನುಕೂಲವೆನಿಸಿ ಎದ್ದರು,' ಎಂದು ಸೇರಿಸಿದಳು.

ವರದಿ ಬಂತು. ಈ ಭಾಗದ ಕಾರ್ಮಿಕ ಪ್ರಯಾಣಿಕರು ನಿಂತು ಪ್ರಯಾಣಿಸುವುದನ್ನೇ ಬಯಸುತ್ತಾರೆ ಎಂದಿತ್ತು ಅದರಲ್ಲಿ. ಪಕ್ಕದಲ್ಲಿ ಕಂಬ ತಬ್ಬಿ ಕಣ್ಣು ಮುಚ್ಚಿದ ಹುಡುಗಿಯ ಫೋಟೊ. ಮಲ್ಲಿಕಾರ್ಜುನಪ್ಪನವರು ಸಮಿತಿಯ ಪರವಾಗಿ ಓದದೆ ಸಹಿ ಹಾಕಿ, ತಮ್ಮ ಪ್ರತಿಯಿಂದ ಫೋಟೊ ಮಾತ್ರ ಕತ್ತರಿಸಿ ಯೋಗೇಶನಿಗೆ ಕೊಟ್ಟರು. "ನಿನ್ ಮಗಳು ಫೇಮಸ್ಸಾದ್ಲಲ್ಲೋ ಮಾರಾಯ."

ಒಂದೂವರೆ ವರ್ಷಕ್ಕೆ ರೈಲು ಬಂತು. ಮೋಟಾರಿನದೇ. ಬೋಗಿಗೆ ಹದಿನಾರು ಸೀಟು, ಇನ್ನೂರು ಜನ. ಮೋನಿಕಾ ಹನ್ನೊಂದು ದಿನ ಲ್ಯಾಬಿಗೆ ಹೋದಳು. ಹನ್ನೆರಡನೆಯ ದಿನ ರಾಡಿನ ಜಾಗದಲ್ಲಿ ಕೀವಾಗಿ, ಅತ್ತೆ ಆಸ್ಪತ್ರೆಗೆ ಸೇರಿಸಿದಳು. ವಾಪಸು ಬಂದಾಗ ಲ್ಯಾಬಿನಲ್ಲಿ ಬೇರೆ ಹುಡುಗಿ ಇದ್ದಳು.

ಯೋಗೇಶ ಕೈಮುಗಿದು ಕೇಳಿಕೊಂಡಿದ್ದರಿಂದ ಮಲ್ಲಿಕಾರ್ಜುನಪ್ಪನವರು ಎಸ್ಟೇಟಿನಲ್ಲೇ ಕೆಲಸ ಕೊಟ್ಟರು. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ, ಗೋಡೆಯ ಪಕ್ಕ ಗೋಣಿ ಹಾಸಿಕೊಂಡು ಒಳ್ಳೆ ಬೀಜದಿಂದ ಕರಿ ಬೀಜ ಬೇರೆ ಮಾಡುವುದು. "ಪಾಪ, ದಿನವಿಡೀ ಕೂತೇ ಇರ್ಬೋದು," ಎಂದರು.

ಮೊದಲ ವಾರವೇ ಒಂದು ಬೆಳಿಗ್ಗೆ ಯೋಗೇಶನೊಂದಿಗೆ ಕಣಕ್ಕೆ ಬಂದರು. ಹಿಂದಿನ ದಿನ ಕಡೂರಿಗೆ ಹೋಗಿ ಬಂದಿದ್ದರಂತೆ. ಸೊಂಟ ಹಿಡಿದುಕೊಂಡು ನಡೆಯುತ್ತಿದ್ದರು.

"ಸೀಟೇ ಇಲ್ವಲ್ಲೋ ಆ ರೈಲಲ್ಲಿ! ನಿಂತೂ ನಿಂತೂ ಸಾಕಾಯ್ತು. ಯಾವನೋ ಆರ್ಸಿದ್ದು ಅದನ್ನ?"

"ಹೌದಯ್ಯ," ಎಂದ ಯೋಗೇಶ.

ಅವರನ್ನು ಕಂಡು ಮೋನಿಕಾ ಒಂದು ಕೈ ನೆಲಕ್ಕೂರಿ, ಇನ್ನೊಂದರಲ್ಲಿ ಗೋಡೆ ಹಿಡಿದು ಏಳತೊಡಗಿದಳು. ಕಾಲು ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಹಿಡಿತ ಸಿಕ್ಕಿತು. ಮಲ್ಲಿಕಾರ್ಜುನಪ್ಪನವರು ತಾಳ್ಮೆಯಿಂದ ಕಾದರು. ಅವಳು ಪೂರ್ತಿ ನೆಟ್ಟಗಾದ ಮೇಲೆ, "ಕೂತ್ಕೋ ಮಗಾ, ಕೂತ್ಕೋ," ಎಂದರು.

"ಇರ್ಲಿ ಅಯ್ಯ," ಎಂದ ಯೋಗೇಶ, ಮಗಳ ಪರವಾಗಿ.